ಗೇಟಿನ ಬಲಗಡೆಯ ಚಪ್ಪಲಿಗಳು

ಇವತ್ತು ಬೆಳಿಗ್ಗೆ ಹಾಲು ತರಲು ಹೊರಟವಳು ಶಾಲೆಯ ಗ್ರೌಂಡಿನ ಕಾಂಪೌಂಡ್ ಪಕ್ಕ ನಿಂತೇಬಿಟ್ಟೆ. ಮಂಜಿನಲ್ಲಿ ನೆನೆದ ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದರೆ ಒಂದು ವಾಸನೆ ಏಳುತ್ತದೆ. ಸ್ವಲ್ಪ ಹಸಿ, ಸ್ವಲ್ಪ ಖಾರ, ಮೂಗಿನೊಳಗೆ ಹೋಗಿ ಕೂತುಬಿಡುವಂಥದ್ದು. ಒಳಗೆ ಯಾರೋ ಚಕ್ರದ ಗಾಡಿಯೊಂದನ್ನು ತಳ್ಳಿಕೊಂಡು ಓಟದ ಗೆರೆ ಎಳೆಯುತ್ತಿದ್ದರು. ಸುತ್ತಲ ಜಿಲ್ಲೆಗಳ ಆಟಗಳು ಮತ್ತೆ ನಮ್ಮ ಮತ್ತಿಗಿರಿಗೆ ಬರುತ್ತಿವೆ... ಆ ವಾಸನೆಗೆ ಎದುರು ಮನೆ ಅಕ್ಕ ನೆನಪಾದಳು. ನೆನಪಿನ ಜೊತೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ದುಃಖ ಅದರ ಹಿಂದೆ ನಿಧಾನವಾಗಿ ಬಂತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಕೆಲಮಂಗಲದ ಆಚೆಯ ಹಳ್ಳಿಯೊಂದರಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದವಳು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅವಳು ಇಲ್ಲಿ ಬೇರು ಬಿಟ್ಟಾಗಿತ್ತು. ಅವಳ ಗಂಡ, ನನ್ನ ಗಂಡ ಇಬ್ಬರೂ ಒಂದೇ ಕಂಪನಿ ಬಸ್ಸು ಹತ್ತುತ್ತಿದ್ದರು. ಎರಡು ಮನೆಗಳ ಬಾಗಿಲು ಎದುರುಬದುರು. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುತ್ತಿತ್ತು. ಇಷ್ಟು ಹತ್ತಿರದಲ್ಲಿರುವವಳು ಎಲ್ಲದರಲ್ಲೂ ನಮಗಿಂತ ಒಂದು ಕೈ ಮೇಲಿದ್ದರೆ ಬಾಳುವುದು ಕಷ್ಟ.

ಅವಳು ಬಾಗಿಲಿಗೆ ರಂಗೋಲಿ ಹಾಕಿದರೆ ಬೈಕಿನಲ್ಲಿ ಶಿಫ್ಟಿಗೆ ಹೊರಟ ಗಂಡಸರು ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಬಳಸಿಕೊಂಡು ಎಲ್ಲಿಗೆ ಹೋಗುತ್ತಿದ್ದರು? ನನ್ನ ರಂಗೋಲಿಯ ಮೇಲೆ. ಅದೇ ಅವರೆಕಾಯಿ, ಅದೇ ಅಂಗಡಿಯ ಮೆಣಸಿನಕಾಯಿ. ಅವಳ ಸಾರಿನ ಪರಿಮಳ ಬೀದಿಯ ಕೊನೆವರೆಗೂ ಹೋದರೆ ನನ್ನದು ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ನನ್ನ ಮಗಳ ವಿಷಯ. ಮನೆಯಲ್ಲಿ ಮುದ್ದೆ ಕಂಡರೆ ಮುಖ ಸಿಂಡರಿಸುವ ಹುಡುಗಿ ಅಲ್ಲಿ ಹೋಗಿ ಬಟ್ಟಲು ಬಳಿದು ಉಂಡು ಬರುತ್ತಿದ್ದಳು.

"ನಮ್ಮನೇಲಿ ಉಪ್ಪು ಹಾಕಲ್ವಾ?" ಎಂದು ಒಮ್ಮೆ ಕೇಳಿದೆ.

"ಅಲ್ಲಿ ಉಂಬೋವಾಗ ಯಾರೂ ಏನೂ ಕೇಳಲ್ಲಮ್ಮ," ಅಂದಳು.

ಆದರೆ ಅಕ್ಕನಿಗಿಲ್ಲದ ಒಂದು ನನಗಿತ್ತು. ನಾನು ನಮ್ಮ ಮಹಿಳಾ ಸಂಘದ ಅಧ್ಯಕ್ಷೆ. ಕನ್ನಡದ ಜೊತೆಗೆ ತಮಿಳನ್ನೂ ಚೆನ್ನಾಗಿ ಓದಿ ಬರೆಯಬಲ್ಲೆ, ಅಧಿಕಾರಿಗಳ ಮುಂದೆ ನಿಂತು ನಾಲಿಗೆ ತೊದಲದೆ ಮಾತಾಡಬಲ್ಲೆ. ಅಕ್ಕ ಸಭೆಗಳಲ್ಲಿ ಹಿಂದೆ ಕೂತು ಹೂ ಕಟ್ಟುವವಳು. ಭಗವಂತ ನನ್ನ ಪಾಲಿಗೂ ಏನೋ ಇಟ್ಟಿದ್ದಾನೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆಗ ಬಂದದ್ದು ಆ ಆಟಗಳು. ಹಲವು ಜಿಲ್ಲೆಗಳ ಹುಡುಗ ಹುಡುಗಿಯರು, ಓಟ, ಕಬಡ್ಡಿ, ವಾಲಿಬಾಲ್, ಇನ್ನೂ ಏನೇನೋ. ಹೊಸೂರಿನ ಸುತ್ತಮುತ್ತ ಜಾಗಗಳನ್ನು ಹಂಚಿದ್ದರು. ಓಟದ ಆಟಗಳು ನಮ್ಮ ಶಾಲೆಯ ಗ್ರೌಂಡಿಗೆ ಬಂದವು. ಅದಕ್ಕೆ ತಿಂಗಳುಗಳ ಮುಂಚೆಯೇ ಒಬ್ಬ ಅಧಿಕಾರಿ ಬಂದು ಊರವರನ್ನೆಲ್ಲ ಸೇರಿಸಿದರು. ಆಟ ಬರುತ್ತದೆ, ಹೋಗುತ್ತದೆ. ಹೋದ ಮೇಲೆ ಊರಿಗೆ ಏನು ಉಳಿಯಬೇಕು ಎಂಬುದನ್ನು ಈಗಲೇ ಗೊತ್ತುಮಾಡಬೇಕು, ಆಮೇಲೆ ಅದು ಉಳಿಯಿತೋ ಇಲ್ಲವೋ ಎಂದು ಅಳೆಯಬೇಕು, ನೀವೇ ಹೇಳಿ ಎಂದರು. ಅಂಥ ಮಾತನ್ನು ನಮ್ಮನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ಅದನ್ನು ಹೇಳುವ ಸಭೆಗೆ ನಾನು ವಾರಗಟ್ಟಲೆ ತಯಾರಾಗಿ ಹೋದೆ. ಎದುರು ಮನೆ ಅಕ್ಕನನ್ನೂ ಕರೆದುಕೊಂಡು ಹೋದೆ. ಯಾಕೆ ಕರೆದುಕೊಂಡು ಹೋದೆ ಎಂದರೆ, ನಾನು ಮಾತಾಡುವುದನ್ನು ನಮ್ಮ ಬೀದಿಯವರು ಒಬ್ಬರಾದರೂ ನೋಡಬೇಕಲ್ಲ! ಎದ್ದು ನಿಂತು ಹೇಳಿದೆ: ಆಟಗಾರರಿಗೆ ಅಡುಗೆ ಮಾಡುವ ಕೆಲಸ ನಮ್ಮ ಸಂಘಗಳಿಗೇ ಸಿಗಬೇಕು, ಕಟ್ಟುವ ಶೌಚಾಲಯ ತಗಡಿನದಾಗಬಾರದು, ಶಾಶ್ವತವಾಗಿ ನಿಲ್ಲಬೇಕು, ಗ್ರೌಂಡಿನ ದಾರಿಗೆ ದೀಪ ಬೇಕು, ಗ್ರೌಂಡು ಸಜ್ಜು ಮಾಡುವ ಕೂಲಿಯೂ ಊರಿನ ಹೆಂಗಸರಿಗೇ ಬರಬೇಕು. ಅಧಿಕಾರಿ ತಲೆಯಾಡಿಸುತ್ತ ಬರೆದುಕೊಂಡರು. ನನ್ನ ಬೆನ್ನು ನೆಟ್ಟಗಾಯಿತು. ಬೇರೆ ಯಾರಾದರೂ ಏನಾದರೂ ಹೇಳುತ್ತೀರಾ ಎಂದು ಅವರು ಬಾಯಿಮಾತಿಗೆ ಕೇಳಿದರು. ಹಿಂದಿನಿಂದ ಅಕ್ಕನ ದನಿ ಬಂತು.

"ಆಟ ಮುಗಿದ್ಮ್ಯಾಕೆ ಗೇಟಿಗೆ ಮತ್ತೆ ಬೀಗ ಜಡೀತೀರಾ ಸಾರ್?"

ಆ ಗೇಟಿನ ಕಥೆ ಎಲ್ಲರಿಗೂ ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ಅದಕ್ಕೆ ಬೀಗ. ಕ್ರಿಕೆಟ್ ಆಡುವ ಗಂಡಸರಿಗೆ ಮಾತ್ರ ಅದು ಹೇಗೋ ತೆರೆದುಕೊಳ್ಳುತ್ತಿತ್ತು. ಸಕ್ಕರೆ ಕಾಯಿಲೆ ಬಂದು ಡಾಕ್ಟರಿಂದ ನಡೆಯಿರಿ ಎಂದು ಹೇಳಿಸಿಕೊಂಡ ನಮ್ಮ ಹೆಂಗಸರು ಲಾರಿಗಳು ಓಡಾಡುವ ರಸ್ತೆಯ ಅಂಚಿನಲ್ಲಿ, ಸೆರಗು ಬಿಗಿಹಿಡಿದು, ಹಾರ್ನ್ ಕೇಳಿದಾಗಲೆಲ್ಲ ಚರಂಡಿಗೆ ಸರಿಯುತ್ತ ನಡೆಯುತ್ತಿದ್ದರು. ಅವರಲ್ಲಿ ನಾನೂ ಒಬ್ಬಳು. ದಿನಾ ಆ ರಸ್ತೆಯಲ್ಲಿ ನಡೆದರೂ ಸಭೆಯಲ್ಲಿ ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟು ಅಕ್ಕನನ್ನು ನೋಡಿದರು. ಶಾಲೆಯವರ ಜೊತೆ ಮಾತುಕತೆ ನಡೆದು ಕೊನೆಗೆ ಒಪ್ಪಂದವಾಯಿತು. ಆಟಗಳು ಮುಗಿದ ಮೇಲೆ ಬೆಳಿಗ್ಗೆ, ಸಂಜೆ ಗೇಟು ಹೆಂಗಸರಿಗೆ ತೆರೆದಿರುತ್ತದೆ; ಕೆಲವು ತಿಂಗಳು ಬಿಟ್ಟು ಅಳೆಯಲು ಜನ ಬರುತ್ತಾರೆ; ಹೆಂಗಸರು ನಿಜವಾಗಿ ಬರುತ್ತಿದ್ದರೆ ಗೇಟು ತೆರೆದೇ ಇರುತ್ತದೆ, ಇಲ್ಲದಿದ್ದರೆ ಮೊದಲಿನ ಹಾಗೆ ಬೀಗ. ನನ್ನ ನಾಲ್ಕೂ ಮಾತುಗಳು ಇದರ ಕೆಳಗೆ ಹೋದವು. ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡಿದ್ದೆ. ಅಕ್ಕ ಮಾತ್ರ "ಎಷ್ಟು ಚೆನ್ನಾಗಿ ಮಾತಾಡ್ದೆ ಕಣೇ ನೀನು" ಎಂದು ಮನಸಾರೆ ಹೊಗಳುತ್ತ ನಡೆದಳು. ಅದಕ್ಕೆ ಇನ್ನೂ ಉರಿಯಿತು.

ಗ್ರೌಂಡು ಸಜ್ಜು ಮಾಡುವ ಕೂಲಿ ನಾನು ಕೇಳಿದ ಹಾಗೆ ನಮ್ಮವರಿಗೇ ಬಂತು. ಇದನ್ನು ಎಲ್ಲರೂ ಮರೆತಿದ್ದಾರೆ, ಅದಕ್ಕೆ ಮತ್ತೆ ಹೇಳುತ್ತಿದ್ದೇನೆ. ಓಟದ ದಿನ ಬೆಳಗಿನ ಜಾವ ಪಿ.ಟಿ. ಮೇಷ್ಟ್ರು ನಮಗೆ ದಾರ, ಗೂಟ, ಸುಣ್ಣದ ಪುಡಿಯ ಚೀಲ ಕೊಟ್ಟು, ಹೇಗೆ ಎಳೆಯಬೇಕೆಂದು ತೋರಿಸಿ, ಆಟಗಾರರನ್ನು ಕರೆತರಲು ಹೋದರು. ಧನುರ್ಮಾಸದ ಚಳಿ. ಬಾಯಿ ತೆರೆದರೆ ಹೊಗೆ. ನಾನು ದಾರ ಹಿಡಿದೆ. ಅಕ್ಕ ಬಗ್ಗಿ, ಮುಷ್ಟಿಯಿಂದ ಸುಣ್ಣ ಬಿಡುತ್ತ ಹಿಂದೆ ಹಿಂದೆ ನಡೆದಳು. ಗೆರೆ ಎಲ್ಲೂ ದಪ್ಪವಾಗದೆ, ಎಲ್ಲೂ ತುಂಡಾಗದೆ ಅವಳ ಬೆರಳಿನಿಂದ ಇಳಿದು ಬಂತು. ಉಳಿದ ಹೆಂಗಸರು ಕೆಲಸ ಬಿಟ್ಟು ನೋಡುತ್ತ ನಿಂತರು. ದಾರ ಹಿಡಿದವಳನ್ನು ಯಾರು ನೋಡುತ್ತಾರೆ?

ಗೆರೆಗಳೆಲ್ಲ ಮುಗಿದವು. ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು. ಅವಳಿಗೆ ಏನೋ ಸರಿಬರಲಿಲ್ಲ. ಓಟದ ದಾರಿಗಳ ಗೆರೆಗಳು ಎರಡೂ ತುದಿಯಲ್ಲಿ ಕೂಡದೆ ಹಾಗೇ ಬಿಟ್ಟುಕೊಂಡಿದ್ದವು.

"ಬಾಯಿ ಬಿಟ್ಕೊಂಡಿರೋ ಗೆರೆ ಬಿಟ್ಬುಟ್ಟು ಎದ್ದೋಗಕ್ಕಾಯ್ತದಾ?" ಅಂದಳು.

ನಮಗೂ ಹೌದೆನಿಸಿತು. ಬಾಗಿಲ ಮುಂದೆ ಅರ್ಧಕ್ಕೆ ಬಿಟ್ಟ ರಂಗೋಲಿ ಒಳ್ಳೆಯದಲ್ಲ, ಅದು ಯಾರಿಗೆ ಗೊತ್ತಿಲ್ಲ? ಅವಳು ಒಂದೊಂದು ದಾರಿಯ ತುದಿಗೂ ಒಂದೊಂದು ಸುಳಿ ತಿರುಗಿಸಿ ಗೆರೆಗಳನ್ನು ಕೂಡಿಸಿದಳು. ಮಾರ್ಗಳಿ, ಅಂದರೆ ಧನುರ್ಮಾಸ, ರಂಗೋಲಿಗೆ ಸಗಣಿಯ ಉಂಡೆ ಇಡುವ ತಿಂಗಳಲ್ಲವೇ ಎಂದು ಇನ್ನೊಬ್ಬಳು ಓಡಿಹೋಗಿ ಸಗಣಿ ತಂದಳು. ಓಟಗಾರರು ನಿಲ್ಲುವ ಜಾಗದಲ್ಲಿ ದಾರಿಗೊಂದರಂತೆ ಸಗಣಿಯ ಉಂಡೆ, ಅದರ ನೆತ್ತಿಗೊಂದು ಕುಂಬಳದ ಹೂ. ಬೆಳಕು ಹರಿಯುವಾಗ ನೋಡಿದರೆ... ಏನು ಹೇಳಲಿ, ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು.

ನೋಡಲು ಬಂದ ಹೆಂಗಸರು ಗೇಟಿನಲ್ಲೇ ಚಪ್ಪಲಿ ಬಿಟ್ಟರು. ಯಾರೂ ಹೇಳಿರಲಿಲ್ಲ, ಅಷ್ಟು ದೊಡ್ಡ ರಂಗೋಲಿಯ ಮುಂದೆ ಚಪ್ಪಲಿ ಮೆಟ್ಟಿ ನಿಲ್ಲಲು ಕಾಲು ಬರಲಿಲ್ಲ, ಅಷ್ಟೇ. ಒಬ್ಬರೂ ಗೆರೆ ದಾಟದೆ ಗ್ರೌಂಡನ್ನೆಲ್ಲ ಬಳಸಿಕೊಂಡು ಹೋಗಿ ಕೂತರು. ಓಡಲು ಬಂದ ಹುಡುಗಿಯರೂ ಗೆರೆಯ ಈಚೆಗೇ ನಿಂತರು. ಒಬ್ಬಳು ಬಗ್ಗಿ ಸುಣ್ಣ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಪಿ.ಟಿ. ಮೇಷ್ಟ್ರು ಬಂದು ತಲೆಯ ಮೇಲೆ ಕೈಹೊತ್ತುಕೊಂಡರು.

"ಯಾರಮ್ಮ ಇದನ್ನ ಹಿಂಗೆ ಮಾಡಿದ್ದು?"

"ಇವರು ಸಾರ್," ಎಂದು ನಾನು ತಕ್ಷಣ ಅಕ್ಕನ ಕಡೆ ಕೈ ತೋರಿಸಿದೆ.

ಇವತ್ತಾದರೂ ಅವಳು ನಾಲ್ಕು ಜನರ ಮುಂದೆ ಬೈಸಿಕೊಳ್ಳುತ್ತಾಳೆ ಎಂದು ಕಾದೆ. ನನ್ನ ಅದೃಷ್ಟಕ್ಕೆ ಹಿಂದೆಯೇ ಆ ಅಧಿಕಾರಿ ಬಂದರು. ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲ ಓಟದವರೆಗೂ ಇದು ಹೀಗೇ ಇರಲಿ, ಉಂಡೆಗಳನ್ನು ಮಾತ್ರ ಪಕ್ಕಕ್ಕಿಡಿ ಎಂದರು. ಅಷ್ಟರಲ್ಲಿ ಪತ್ರಿಕೆಯವರೊಬ್ಬರು ಅಕ್ಕನನ್ನು ಸುಳಿಗಳ ಪಕ್ಕ ಕೂರಿಸಿ ಫೋಟೋ ತೆಗೆದರು. ಮಾರನೆಯ ದಿನದ ಪತ್ರಿಕೆಯಲ್ಲಿ ಅದು ಬಂತು. ಅಕ್ಕ ನಗುತ್ತಿದ್ದಾಳೆ, ಹಿಂದೆ ಗೆರೆಗಳು, ಅಂಚಿನಲ್ಲಿ ಒಂದು ಕೈ. ದಾರ ಹಿಡಿದ ಕೈ. ಅದು ನನ್ನದು. ಬಳೆಯಿಂದ ಗುರುತಾಗುತ್ತದೆ, ಆದರೆ ನನಗೆ ಮಾತ್ರ.

ಆಟಗಳು ಮುಗಿದವು, ಪೆಂಡಾಲು ಇಳಿಯಿತು, ಹುಡುಗಿಯರು ಬಸ್ಸು ಹತ್ತಿದರು. ಮಳೆ ಬಂದು ಗೆರೆಗಳೂ ಅಳಿಸಿಹೋದವು. ಹೆಂಗಸರು ಗೇಟಿನಲ್ಲಿ ಚಪ್ಪಲಿ ಬಿಡುವುದು ಮಾತ್ರ ಹಾಗೇ ಉಳಿಯಿತು. ಅಕ್ಕ ದಿನಾ ಸಂಜೆ ಅಕ್ಕಪಕ್ಕದ ಮನೆಗಳವರನ್ನು ಕರೆದುಕೊಂಡು ಹೋಗುತ್ತಿದ್ದಳು, ಗೇಟಿನ ಬಲಗಡೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸುತ್ತು ಹಾಕುತ್ತಿದ್ದಳು. ಅವಳು ಬಿಟ್ಟಳೆಂದು ಉಳಿದವರೂ ಬಿಟ್ಟರು. ನನ್ನ ಮಗಳೂ ಅವಳ ಜೊತೆ ಹೋಗತೊಡಗಿದಳು. ಮೊದಲು ನಡೆಯುತ್ತಿದ್ದವಳು ಆಮೇಲೆ ಓಡಿದಳು. ಬೆವತುಕೊಂಡು ಕೆನ್ನೆ ಕೆಂಪಾಗಿ ಮನೆಗೆ ಬರುತ್ತಿದ್ದಳು. "ನೀನೂ ಬಾಮ್ಮ" ಎಂದು ಕರೆಯುತ್ತಿದ್ದಳು. ಸಂಘದ ಕೆಲಸ ಇದೆ ಎನ್ನುತ್ತಿದ್ದೆ. ಲಾರಿ ರಸ್ತೆಯಲ್ಲಿ ಒಬ್ಬಳೇ ನಡೆಯಲು ಮಾತ್ರ ನನಗೆ ಹೊತ್ತು ಸಿಗುತ್ತಿತ್ತು. ಅಕ್ಕ ತೆರೆಸಿದ ಗೇಟಿನೊಳಗೆ ಕಾಲಿಡಲು ಮನಸ್ಸು ಒಪ್ಪುತ್ತಿರಲಿಲ್ಲ.

ಇಂಥ ದಿನ ಅಳೆಯಲು ಬರುತ್ತೇವೆ ಎಂದು ಅಧಿಕಾರಿಯ ಕಡೆಯಿಂದ ಸುದ್ದಿ ಬಂತು. ಅಕ್ಕನ ಮುಖ ಸಣ್ಣದಾಯಿತು. ಮದುವೆಯ ಕಾಲ, ಅವಳ ಕಡೆಯ ಎಷ್ಟೋ ಹೆಂಗಸರು ಊರಲ್ಲಿರಲಿಲ್ಲ. ಗ್ರೌಂಡು ಖಾಲಿ ಕಂಡರೆ ಬೀಗ ಬೀಳುತ್ತದೆ. ಅವಳು ನನ್ನ ಬಾಗಿಲಿಗೆ ಬಂದು ಹೊಸಿಲ ಮೇಲೆ ಕೂತಳು.

"ನಿನ್ನ ಸಂಘದೋರು ಒಂದಿನ ಬಂದ್ರೆ ಗೇಟ್ ಉಳೀತದೆ ಕಣೇ," ಅಂದಳು. ನೋಡೋಣ ಅಂದೆ.

ಆ ರಾತ್ರಿ ಊಟ ಸೇರಲಿಲ್ಲ. ಗೇಟು ಮುಚ್ಚಿದರೆ ಅಕ್ಕನ ಗೇಟು ಮುಚ್ಚುತ್ತದೆ; ಆದರೆ ಮಗಳ ಓಟವೂ ನಿಲ್ಲುತ್ತದೆ. ಗೇಟು ಉಳಿದರೆ ಅಕ್ಕನ ಹೆಸರೇ ಉಳಿಯುತ್ತದೆ. ಯೋಚಿಸಿ ಯೋಚಿಸಿ ಒಂದು ದಾರಿ ಕಂಡಿತು. ಬೆಳಗಾಗುತ್ತಲೇ ಸಂಘದ ಮನೆಮನೆಗೂ ಹೋದೆ. ಆಲಸನತ್ತಂನಲ್ಲಿ ಮನೆ ಮಾಡಿದ್ದ ಹಳೆಯ ಸದಸ್ಯರಿಗೂ ಫೋನ್ ಮಾಡಿದೆ. ಎಲ್ಲರೂ ಬರಬೇಕು, ಎಲ್ಲರೂ ಗೇಟಿನ ಎಡಗಡೆಯೇ ಚಪ್ಪಲಿ ಬಿಡಬೇಕು ಎಂದೆ. ಬಲಗಡೆ ಅವಳದು, ಎಡಗಡೆ ನನ್ನದು. ಅಳೆಯಲು ಬಂದವರು ಕಣ್ಣಾರೆ ನೋಡಲಿ.

ಬಂದದ್ದು ಕೃಷ್ಣಗಿರಿಯ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು. ಮೊದಲು ನಮ್ಮ ಮನೆಗೇ ಬಂದಳು. ಶೌಚಾಲಯ ಕಟ್ಟಿದ್ದಾರೆ ಎಂದೆ. ನೋಡಿದರೆ ಅದಕ್ಕೆ ಬೀಗ. ದೀಪ ಹಾಕಿದ್ದಾರೆ ಎಂದೆ; ಕಂಬ ಇತ್ತು, ಬಲ್ಬು ಉರಿಯುತ್ತಿರಲಿಲ್ಲ. ಅಡುಗೆ ಕೆಲಸ ಆಟದ ಜೊತೆಗೇ ಮುಗಿದಿತ್ತು. ಸಂಜೆ ಅವಳನ್ನು ಗೇಟಿಗೆ ಕರೆದುಕೊಂಡು ಹೋದೆ. ಎಡಗಡೆ ನನ್ನ ಕಡೆಯವರ ಚಪ್ಪಲಿಗಳು ಒಂದರ ಮೇಲೊಂದು ಬಿದ್ದು ಗೋಡೆಯವರೆಗೂ ಹೋಗಿದ್ದವು. ಬಲಗಡೆ ಅಕ್ಕನ ಕಡೆಯವರವು, ಬೆರಳೆಣಿಕೆಯಷ್ಟು. ನಾನು ಗೆದ್ದಿದ್ದೆ. ಆಮೇಲೆ ನೋಡಿದರೆ ಆ ಬೆರಳೆಣಿಕೆಯಲ್ಲಿ ನೀಲಿ ಪಟ್ಟಿಯ ಒಂದು ಜೊತೆ... ನಾನೇ ದೀಪಾವಳಿಗೆ ಮಗಳಿಗೆ ತೆಗೆಸಿಕೊಟ್ಟದ್ದು.

ಆ ಹುಡುಗಿಗೆ ಎಡವೂ ಗೊತ್ತಿಲ್ಲ, ಬಲವೂ ಗೊತ್ತಿಲ್ಲ. ಸುತ್ತು ಹಾಕುತ್ತಿರುವ ಹೆಂಗಸರನ್ನು ಎಣಿಸಲು ಹೋಗಿ ಲೆಕ್ಕ ತಪ್ಪಿ, ಕೊನೆಗೆ ನಗುತ್ತ ಚಪ್ಪಲಿಗಳ ಮುಂದೆ ಕೂತು ಎಣಿಸಿದಳು. ಎಲ್ಲವನ್ನೂ ಸೇರಿಸಿ ಒಂದೇ ಫೋಟೋ ತೆಗೆದಳು. ಊರಿಗೆ ಉಳಿದದ್ದು ಇದು ಎಂದಳು. ಈ ಗೇಟನ್ನು ಮೊದಲು ಕೇಳಿದ್ದು ಯಾರು ಎಂದು ವಿಚಾರಿಸಿದಾಗ ಸಂಘದವರು, ನನ್ನ ಸಂಘದವರು, ನಾನು ಕರೆತಂದವರು, ಒಟ್ಟಿಗೇ ಅಕ್ಕನ ಕಡೆ ಕೈ ತೋರಿಸಿದರು. ಗೇಟು ಉಳಿಯಿತು. ಹೆಸರು ಅವಳದಾಯಿತು.

ಎಲ್ಲರೂ ಹೋದ ಮೇಲೆ ಅಕ್ಕ ತನ್ನ ಚಪ್ಪಲಿ ಮೆಟ್ಟಿಕೊಳ್ಳುತ್ತ ಎರಡೂ ಕಡೆ ನೋಡಿದಳು. ಅವಳ ಕಣ್ಣು ಎಲ್ಲವನ್ನೂ ಹಿಡಿದಿತ್ತು.

"ನಿನ್ನ ರಾಶಿ ದೊಡ್ಡದು ಕಣೇ," ಅಂದಳು. "ನಾಳೀಕೂ ಹಿಂಗೇ ತತ್ತೀಯಾ, ಇಲ್ಲ ಇವತ್ತೊಂದಿನದ್ದಾ?"

ಆ ಮಾತು ನನ್ನನ್ನು ಚುಚ್ಚಿತು. ಮಾರನೆಯ ಸಂಜೆ ಎಲ್ಲರಿಗಿಂತ ಮೊದಲು ಹೋಗಿ ಎಡಗಡೆ ಚಪ್ಪಲಿ ಬಿಟ್ಟೆ. ಅದರ ಮಾರನೆಯ ದಿನವೂ ಹೋದೆ. ನನ್ನ ಕಡೆ ಒಂದು ಜೊತೆ ಕಡಿಮೆಯಾದರೆ ಅವರ ಮನೆಗೆ ಹೋಗಿ ಕರೆತರುತ್ತಿದ್ದೆ. ಅವಳೂ ಸುಮ್ಮನಿರುತ್ತಿರಲಿಲ್ಲ, ತನ್ನ ತವರಿನಿಂದ ಹಬ್ಬಕ್ಕೆ ಬಂದ ನೆಂಟರನ್ನೂ ಬಲಗಡೆಗೆ ಸೇರಿಸಿಬಿಡುತ್ತಿದ್ದಳು. ಒಳಗೆ ಹೋದ ಮೇಲೆ ಇಬ್ಬರೂ ಜೊತೆಯಲ್ಲೇ ಸುತ್ತು ಹಾಕುತ್ತಿದ್ದೆವು. ಹೀಗೆ ಎಷ್ಟೋ ವರ್ಷ ನಡೆದೆ. ನನ್ನ ಸಕ್ಕರೆ ಹತೋಟಿಗೆ ಬಂತು. ಡಾಕ್ಟರು ಹೊಗಳಿದಾಗ ಏನು ಮಾಡಿದಿರಿ ಎಂದು ಕೇಳಿದರು. ಎದುರು ಮನೆಯವಳ ಮೇಲಿನ ಹೊಟ್ಟೆಕಿಚ್ಚು ಎಂದು ಹೇಳುವುದು ಹೇಗೆ?

ಹೋದ ವರ್ಷ ಆಷಾಢದಲ್ಲಿ ಒಂದು ಮಧ್ಯಾಹ್ನ ಅಕ್ಕ ಎದೆ ಹಿಡಿದಂತಾಗುತ್ತದೆ ಅಂದಳಂತೆ. ಹೊಸೂರಿನ ಆಸ್ಪತ್ರೆ ತಲುಪುವ ಮುಂಚೆಯೇ... ನಾನು ಸಂಘದ ಸಭೆಯಲ್ಲಿದ್ದೆ. ಬರುವ ಹೊತ್ತಿಗೆ ಅವಳನ್ನು ಮನೆಗೆ ತಂದಾಗಿತ್ತು. ಒಳಗೆ ಹೋದವರು ಬಿಟ್ಟ ಚಪ್ಪಲಿಗಳು ಅವಳ ಬಾಗಿಲಿನಿಂದ ಶುರುವಾಗಿ, ಬೀದಿ ತುಂಬಿ, ನನ್ನ ಹೊಸಿಲವರೆಗೂ ಬಂದಿದ್ದವು. ನನಗೆ ಚಪ್ಪಲಿ ಬಿಡಲು ಜಾಗವಿಲ್ಲ. ನಾನು ಹೋದಾಗ ಇಷ್ಟು ಜನ ಬರುತ್ತಾರಾ ಎಂದುಕೊಂಡೆ. ಅಳುತ್ತಲೇ ಅಂದುಕೊಂಡೆ. ಮಗಳು ಅವಳ ಕಾಲ ಬಳಿ ಕೂತು ಅತ್ತಷ್ಟು ನನಗಾಗಿ ಅಳುತ್ತಾಳೋ ಇಲ್ಲವೋ, ಅದನ್ನೂ ಅಂದುಕೊಂಡೆ.

ಅವಳು ಹೋದ ಮೇಲೆ ಬಲಗಡೆಯ ರಾಶಿ ದಿನದಿನಕ್ಕೂ ಸಣ್ಣದಾಯಿತು. ಜನ ಕಡಿಮೆಯಾಗಲಿಲ್ಲ, ಅವಳ ಕಡೆಯವರು ಒಬ್ಬೊಬ್ಬರಾಗಿ ಎಡಕ್ಕೆ ಬಂದರು. ಮದುವೆಯಾಗಿ ಹೋದ ಮಗಳು ತವರಿಗೆ ಬಂದಾಗ ಅವಳೂ ಎಡಕ್ಕೇ ಬಿಟ್ಟಳು. ಇಡೀ ಗೇಟು ನನ್ನದಾಯಿತು. ಎಷ್ಟು ವರ್ಷದಿಂದ ಬೇಕೆಂದಿದ್ದೆನೋ ಅದು ಸಿಕ್ಕಿತು, ಆದರೆ ಅದನ್ನು ತೋರಿಸಲು ಎದುರಿಗೆ ಯಾರೂ ಇರಲಿಲ್ಲ. ಸುತ್ತು ಹಾಕುವಾಗ ಬೇಗ ಸುಸ್ತಾಗತೊಡಗಿತು.

ಮೊನ್ನೆ ಹೊಸ ಆಟಗಳ ಸಭೆಗೆ ಕರೆದಿದ್ದರು. ಅಧಿಕಾರಿ ಬೇರೆ, ಪ್ರಶ್ನೆ ಅದೇ. ಹೋದ ಸಲದ್ದರಿಂದ ಊರಿಗೆ ಉಳಿದದ್ದೇನು? ನಾನು ಎದ್ದು ನಿಂತು ಗೇಟು ಎಂದೆ. ಅದು ನಿಮ್ಮ ಯೋಚನೆಯೇ ಎಂದು ಕೇಳಿದರು. ಹೌದೆಂದರೆ ತಡೆಯುವವರು ಯಾರೂ ಇರಲಿಲ್ಲ. ಎದುರು ಮನೆ ಅಕ್ಕನದು ಎಂದು ಹೇಳಿ ಕೂತೆ. ಎಲ್ಲರೂ ಅವಳನ್ನು ಹೊಗಳಲು ಶುರುಮಾಡಿದರು. ಆ ಹಾಳು ಉರಿ ಮತ್ತೆ ಎದೆಗೆ ಬಂತು. ಬಹಳ ದಿನಗಳ ಮೇಲೆ ಬಂದದ್ದಕ್ಕೆ ಹಿತವೂ ಆಯಿತು.

ಇವತ್ತು ಬೆಳಿಗ್ಗೆ ಆ ಚಕ್ರದ ಗಾಡಿ ಎಳೆದ ಗೆರೆಗಳನ್ನು ನೋಡಿದೆ. ನೆಟ್ಟಗಿದ್ದವು. ತುದಿಗಳು ಹಾಗೇ ಬಾಯಿ ಬಿಟ್ಟುಕೊಂಡಿದ್ದವು. ಹಾಲಿನ ಕ್ಯಾನು ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದು ಮನೆಗೆ ಬಂದೆ. ಸಂಜೆ ಎಂದಿನಂತೆ ಎಲ್ಲರಿಗಿಂತ ಮೊದಲು ಗೇಟಿಗೆ ಹೋದೆ. ಎಡಗಡೆ ಚಪ್ಪಲಿ ಬಿಟ್ಟವಳು ಯಾಕೋ ಮತ್ತೆ ಮೆಟ್ಟಿಕೊಂಡು, ಆಚೆ ಹೋಗಿ ಬಲಗಡೆ ಬಿಟ್ಟೆ. ಆ ಖಾಲಿ ನೆಲವನ್ನು ದಿನಾ ನೋಡಲಾಗುತ್ತಿರಲಿಲ್ಲ. ಅವಳಿಗೂ ಒಂದು ಜೊತೆ ಇರಲಿ, ಎದುರಿಗೆ ಏನೂ ಇಲ್ಲದೆ ನಾನು ಯಾರನ್ನು ಗೆಲ್ಲಲಿ?

ಸುತ್ತು ಮುಗಿಸಿ ಹೊರಗೆ ಬಂದಾಗ ನನ್ನ ಚಪ್ಪಲಿ ಹುಡುಕಬೇಕಾಯಿತು. ನಾನು ಬಿಟ್ಟೆನೆಂದು ಹಿಂದೆ ಬಂದವರೂ ಅಲ್ಲೇ ಬಿಟ್ಟಿದ್ದರು. ಬಲಗಡೆ ರಾಶಿಯಾಗಿತ್ತು, ಎಡಗಡೆ ಒಂದೂ ಇರಲಿಲ್ಲ. ಇಲ್ಲದೆಯೂ ಅವಳೇ ಗೆದ್ದಿದ್ದಳು.